ಹಾಡಿನ ಸುದ್ದಿಯಲ್ಲಿ ನೃತ್ಯ ನಿರ್ದೇಶಕರ ಹೆಸರೂ ಇರಲಿ

ಮಾನ್ಯ ಸಂಪಾದಕರಿಗೆ,

ಹೊಸ ಸಿನಿಮಾ ಹಾಡೊಂದು ಬಿಡುಗಡೆಯಾದಾಗ ತಮ್ಮ ಪತ್ರಿಕೆಯೂ ಸೇರಿದಂತೆ ಬಹುತೇಕ ಪತ್ರಿಕೆಗಳ ಸಿನಿಮಾ ಪುಟದಲ್ಲಿ ಬರುವ ಸುದ್ದಿಗೆ ಒಂದು ಸಿದ್ಧ ಚೌಕಟ್ಟಿದೆ. ಹಾಡಿದವರು ಇಂಥವರು, ಬರೆದವರು ಇಂಥವರು, ರಾಗ ಸಂಯೋಜನೆ ಇಂಥವರದು, ಇಷ್ಟು ಗಂಟೆಗಳಲ್ಲಿ ಇಷ್ಟು ಲಕ್ಷ ಮಂದಿ ನೋಡಿದ್ದಾರೆ ಎಂದೆಲ್ಲ ಹೇಳಿ, ಕೊನೆಗೆ ನಾಯಕ ನಾಯಕಿಯರ ಭರ್ಜರಿ ಸ್ಟೆಪ್ಸ್‌ಗೆ ಅಭಿಮಾನಿಗಳು ಫಿದಾ ಆಗಿದ್ದಾರೆ ಎಂಬ ಸಾಲಿನೊಂದಿಗೆ ಸುದ್ದಿ ಮುಗಿಯುತ್ತದೆ. ಆ ಸ್ಟೆಪ್ಸ್ ಯಾರ ತಲೆಯಲ್ಲಿ ಹುಟ್ಟಿದವು, ಯಾರ ಮೈಯಲ್ಲಿ ಮೊದಲು ಪರೀಕ್ಷೆಗೊಳಗಾದವು ಎಂಬುದನ್ನು ವರದಿಗಾರರೂ ಕೇಳುವುದಿಲ್ಲ, ಓದುಗರೂ ಕೇಳುವುದಿಲ್ಲ. ಹಾಡಿನ ಸುದ್ದಿ ಬರೆಯುವಾಗ ಗಾಯಕರ ಹೆಸರಿನ ಪಕ್ಕದಲ್ಲೇ ನೃತ್ಯ ನಿರ್ದೇಶಕರ ಹೆಸರನ್ನೂ ತಪ್ಪದೆ ಅಚ್ಚು ಮಾಡುವ ಪದ್ಧತಿಯನ್ನು ತಮ್ಮ ಪತ್ರಿಕೆ ಆರಂಭಿಸಬೇಕೆಂದು ಕೋರುವುದಕ್ಕಾಗಿ ಈ ಪತ್ರ. ಕೋರಿಕೆ ಚಿಕ್ಕದು, ಆದರೆ ಅದರ ಹಿಂದಿರುವ ಕಾರಣಗಳನ್ನು ಹೇಳಲು ಸ್ವಲ್ಪ ಹೆಚ್ಚು ಜಾಗ ಬೇಕಾಗುತ್ತದೆ.

ನಾನು ಗ್ರೂಪ್ ಡ್ಯಾನ್ಸರ್ ಆಗಿ ಈ ವೃತ್ತಿಗೆ ಬಂದು, ಅಸಿಸ್ಟೆಂಟ್ ಆಗಿ ಬಹುಕಾಲ ದುಡಿದು, ಈಗ ಸ್ವತಂತ್ರವಾಗಿ ಹಾಡುಗಳಿಗೂ ವೇದಿಕೆ ಕಾರ್ಯಕ್ರಮಗಳಿಗೂ ನೃತ್ಯ ಸಂಯೋಜಿಸುತ್ತಿರುವವಳು. ಹೆಸರು ಹಾಕಿ ಎಂದು ವಾದಿಸುವ ಪತ್ರದ ಕೆಳಗೆ ನನ್ನದೇ ಹೆಸರು ಇಲ್ಲದಿರುವುದು ವಿಪರ್ಯಾಸವೆಂದು ನನಗೂ ಗೊತ್ತು. ಇಂದು ಕರೆದವರು ನಾಳೆ ಕರೆಯದಿದ್ದರೆ ಕೇಳುವ ಹಾಗಿಲ್ಲದ ವೃತ್ತಿ ಇದು, ಆದ್ದರಿಂದ ಮನ್ನಿಸಬೇಕು.

ಮೊದಲಿಗೆ, ಈ ಕೆಲಸ ಎಂಥದ್ದೆಂದು ಹೇಳುತ್ತೇನೆ, ಏಕೆಂದರೆ ಹೊರಗಿನವರು ಅದನ್ನು ‘ಸ್ಟೆಪ್ ಹೇಳಿಕೊಡುವುದು’ ಎಂದಷ್ಟೇ ತಿಳಿದಿರುತ್ತಾರೆ. ನಮ್ಮ ಲೆಕ್ಕವೆಲ್ಲ ಎಂಟರದು. ನಿಮಿಷಕ್ಕೆ 120 ಬಡಿತವಿರುವ ಹಾಡನ್ನು ತೆಗೆದುಕೊಂಡರೆ ಎಂಟು ಎಣಿಸುವುದಕ್ಕೆ 4 ಸೆಕೆಂಡು ಬೇಕು, ಅಂದರೆ ನಾಲ್ಕು ನಿಮಿಷದ ಹಾಡಿನಲ್ಲಿ ಇಂಥ 60 ಎಂಟುಗಳಿವೆ. ಆ ಪ್ರತಿಯೊಂದು ಎಂಟರಲ್ಲೂ ನಾಯಕನ ಕಾಲು ಎಲ್ಲಿದೆ, ಹಿಂದಿನ ಸಾಲಿನ ಕೈ ಎಲ್ಲಿದೆ, ಎಡಗಡೆಯ ಗುಂಪು ಯಾವಾಗ ತಿರುಗಬೇಕು, ಕ್ಯಾಮೆರಾ ಕೆಳಗಿನಿಂದ ಮೇಲಕ್ಕೇಳುವಾಗ ಅದರ ದಾರಿಗೆ ಯಾರು ಅಡ್ಡ ಬರಬಾರದು ಎಂಬುದನ್ನೆಲ್ಲ ಒಬ್ಬರು ಮೊದಲೇ ಕಂಡಿರಬೇಕು. ಪಲ್ಲವಿ ಮತ್ತೆ ಬಂದಾಗ ಅದೇ ಮೂವ್‌ಮೆಂಟ್ ಬಂದರೂ ಪ್ರೇಕ್ಷಕರಿಗೆ ಹಳೆಯದೆನ್ನಿಸಬಾರದು, ಹಾಗೆಂದು ಅದು ಗುರುತೇ ಸಿಗದಷ್ಟು ಬದಲಾಗಲೂಬಾರದು. ನಾಯಕ ನಟನಿಗೆ ಎಡ ಮಂಡಿ ನೋವಿದ್ದರೆ ಭಾರವೆಲ್ಲ ಬಲಗಾಲಿನ ಮೇಲೆ ಬೀಳುವಂತೆ ಹೆಣೆಯಬೇಕು, ಆದರೆ ನೋಡುವವರಿಗೆ ಅದು ಶೈಲಿಯೆಂದೇ ಕಾಣಬೇಕು. ಹಿಂದಿನ ವಾರ ತೆಗೆದ ಶಾಟ್‌ನಲ್ಲಿ ಯಾವ ಕೈ ಮೇಲಿತ್ತು ಎಂಬುದನ್ನು ಕಂಟಿನ್ಯುಟಿಗಾಗಿ ನೆನಪಿಟ್ಟುಕೊಳ್ಳುವ ಹೊಣೆಯೂ ಬಹುಮಟ್ಟಿಗೆ ನಮ್ಮ ತಂಡದ್ದೇ.

ಸೆಟ್ಟಿನ ಒಂದು ಉದಾಹರಣೆ ಕೊಟ್ಟರೆ ಈ ಮಾತು ಸ್ಪಷ್ಟವಾದೀತು. ಪ್ರೇಮಗೀತೆಗಳಲ್ಲಿ ನಾಯಕಿಯ ಕೂದಲು, ಸೆರಗು ಗಾಳಿಯಲ್ಲಿ ನಿಧಾನವಾಗಿ ತೇಲುತ್ತಿದ್ದರೂ ತುಟಿಗಳು ಮಾತ್ರ ಹಾಡಿಗೆ ಸರಿಯಾಗಿ ಕೂಡುವುದನ್ನು ಓದುಗರು ನೋಡಿರುತ್ತಾರೆ. ಅದನ್ನು ಸಾಧಿಸುವುದು ಹೀಗೆ: ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಕ್ಯಾಮೆರಾವನ್ನು ಸೆಕೆಂಡಿಗೆ 24ರ ಬದಲು 48 ಫ್ರೇಮ್‌ಗಳಲ್ಲಿ ಓಡಿಸುತ್ತಾರೆ. ಕೀರಲು ದನಿಯಲ್ಲಿ ಅರಚುವ ಆ ಹಾಡಿಗೆ ಕಲಾವಿದರು ಇಮ್ಮಡಿ ವೇಗದಲ್ಲಿ ತುಟಿಯಾಡಿಸುತ್ತಾ, ಇಮ್ಮಡಿ ವೇಗದಲ್ಲಿ ಕುಣಿಯುತ್ತಾ, ಮುಖದಲ್ಲಿ ಮಾತ್ರ ಯಾವ ಅವಸರವೂ ಇಲ್ಲದ ಒಲವನ್ನು ತೋರಿಸಬೇಕು. ತೆರೆಯ ಮೇಲೆ ಎಲ್ಲವೂ ಅರ್ಧ ವೇಗಕ್ಕೆ ಇಳಿದಾಗ ತುಟಿ ಮತ್ತು ಹೆಜ್ಜೆ ಹಾಡಿಗೆ ಹೊಂದಿಕೊಳ್ಳುತ್ತವೆ, ಗಾಳಿಗೆ ಒಲೆದ ಬಟ್ಟೆ ಮತ್ತು ಕೂದಲು ತೇಲುತ್ತವೆ. ಯಾವ ಮೂವ್‌ಮೆಂಟ್ ಇಮ್ಮಡಿ ವೇಗದಲ್ಲಿ ಮಾಡಲು ಸಾಧ್ಯ, ಯಾವುದು ಅರ್ಧ ವೇಗದಲ್ಲಿ ನೋಡಲು ಚೆಂದ ಎಂಬ ಎರಡೂ ಲೆಕ್ಕವನ್ನು ಒಟ್ಟಿಗೇ ಹಾಕಬಲ್ಲವರು ನೃತ್ಯ ನಿರ್ದೇಶಕರು. ಇದನ್ನು ರಾಗ ಸಂಯೋಜನೆಗಿಂತ ಕಡಿಮೆ ದರ್ಜೆಯ ಕೆಲಸವೆಂದು ಯಾವ ಮಾನದಂಡದಿಂದ ಹೇಳುತ್ತೇವೋ ನನಗೆ ತಿಳಿಯದು.

ಇಂಥ ಲೆಕ್ಕ ಒಂದು ದಿನದಲ್ಲಿ ಕೈಗೂಡುವಂಥದ್ದಲ್ಲ. ಸಾಮಾನ್ಯವಾಗಿ ಎಲ್ಲರೂ ಹಿಂದಿನ ಸಾಲಿನಿಂದಲೇ ಶುರು ಮಾಡುತ್ತಾರೆ. ಆಡಿಷನ್‌ನಲ್ಲಿ ಒಂದೆರಡು ಸಲವಷ್ಟೇ ತೋರಿಸಿದ ಮೂವ್‌ಮೆಂಟನ್ನು ಹಿಡಿದುಕೊಳ್ಳುವ ಚುರುಕು, ಪಕ್ಕದವರ ಭುಜದ ಗೆರೆಗೆ ತನ್ನ ಭುಜವನ್ನು ಸೇರಿಸುವ ಶಿಸ್ತು, ತನ್ನನ್ನು ಯಾರೂ ವಿಶೇಷವಾಗಿ ಗಮನಿಸದಂತೆ ಚೆನ್ನಾಗಿ ಕುಣಿಯುವ ಸಂಯಮ ಇವು ಅಲ್ಲಿಯ ಪಾಠ. ಅಲ್ಲಿಂದ ಮುಂದಿನ ಸಾಲಿಗೆ ಬಂದವರಲ್ಲಿ ಕೆಲವರು ಅಸಿಸ್ಟೆಂಟ್ ಆಗುತ್ತಾರೆ. ಅಸಿಸ್ಟೆಂಟ್‌ನ ದುಡಿಮೆಯಷ್ಟು ಕಣ್ಣಿಗೆ ಬೀಳದ ದುಡಿಮೆ ಈ ಉದ್ಯಮದಲ್ಲಿ ಮತ್ತೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಮಾಸ್ಟರ್ ಬಾಯಲ್ಲಿ ಹೇಳಿದ್ದನ್ನು ಮೈಯಲ್ಲಿ ಮಾಡಿ ತೋರಿಸುವುದು, ಕುಣಿತ ಬಾರದ ನಟರಿಗೆ ಪ್ರತ್ಯೇಕವಾಗಿ ಕಲಿಸುವುದು, ಶಾಟ್ ನಡೆಯುವಾಗ ಕ್ಯಾಮೆರಾದ ಪಕ್ಕದಲ್ಲೇ ನಿಂತು ಅದೇ ಹೆಜ್ಜೆಗಳನ್ನು ಹಾಕುತ್ತಾ ನಟರಿಗೆ ಕನ್ನಡಿಯಾಗುವುದು, ಇವಿಷ್ಟೂ ಅವರ ಪಾಲಿನವು. ಎಷ್ಟೋ ಸಲ ಮಾಸ್ಟರ್ ‘ಇಲ್ಲೊಂದು ಏನಾದರೂ ಮಾಡು’ ಎಂದು ಬಿಟ್ಟುಕೊಟ್ಟ ಆ ಒಂದು ಎಂಟೇ ಮುಂದೆ ಹಾಡಿನ ಗುರುತಾಗಿಬಿಡುತ್ತದೆ. ನಾನು ಕಟ್ಟಿದ ಅಂಥದೊಂದು ಮೂವ್‌ಮೆಂಟನ್ನು ಟಿವಿ ಕಾರ್ಯಕ್ರಮವೊಂದರಲ್ಲಿ ತೀರ್ಪುಗಾರರು ‘ಹೀರೋ ಅವರ ಟ್ರೇಡ್‌ಮಾರ್ಕ್’ ಎಂದು ಹೊಗಳಿದಾಗ ನಾನು ಅದೇ ವೇದಿಕೆಯ ಪಕ್ಕದಲ್ಲಿ, ಬೇರೆ ಸ್ಪರ್ಧಿಗಳ ಉಡುಪಿಗೆ ಪಿನ್ ಹಾಕುತ್ತಾ ನಿಂತಿದ್ದೆ. ನಗು ಬಂತೇ ಹೊರತು ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಆಮೇಲೆ, ಸ್ವತಂತ್ರವಾಗಿ ಕೆಲಸ ಕೇಳಲು ಹೋದಾಗ ‘ನೀವು ಮಾಡಿದ್ದು ಯಾವುದು, ತೋರಿಸಿ’ ಎಂದವರಿಗೆ ತೋರಿಸಲು ನನ್ನ ಹೆಸರಿರುವ ಒಂದು ಸಾಲೂ ಇರಲಿಲ್ಲವೆಂಬುದು ಗೊತ್ತಾದಾಗ.

ಹೆಸರಿನ ಪ್ರಶ್ನೆ ಕೇವಲ ಗೌರವದ ಪ್ರಶ್ನೆಯಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನರ್ತಕರ ದೇಹದ ಆಯಸ್ಸು ಚಿಕ್ಕದು. ಕಾಂಕ್ರೀಟ್ ನೆಲದ ಮೇಲೆ ಮಾಡಿದ ಜಿಗಿತಗಳು, ಮಳೆಯ ದೃಶ್ಯಕ್ಕೆಂದು ನೀರು ಬಿಟ್ಟ ಜಾರುವ ನೆಲ, ಗಂಟೆಗಟ್ಟಲೆ ಕಾಯಿಸಿ ಮೈ ತಣ್ಣಗಾದ ಮೇಲೆ ಒಮ್ಮೆಲೇ ‘ರೆಡಿ, ಟೇಕ್’ ಎನ್ನುವ ಅಭ್ಯಾಸ, ಇವೆಲ್ಲ ಹಿಮ್ಮಡಿ, ಮಂಡಿ, ಸೊಂಟದಲ್ಲಿ ಸೇರಿಕೊಂಡು ಮೂವತ್ತೈದರ ಆಸುಪಾಸಿಗೆ ಬಹಳ ಮಂದಿಯನ್ನು ಸಾಲಿನಿಂದ ಹೊರಗೆ ನಿಲ್ಲಿಸುತ್ತವೆ. ಪ್ಯಾರಿಸ್ ಒಪೆರಾದ ಬ್ಯಾಲೆ ಕಲಾವಿದರು 42ನೇ ವಯಸ್ಸಿಗೆ ಪಿಂಚಣಿಯೊಂದಿಗೆ ನಿವೃತ್ತರಾಗುತ್ತಾರೆ. ಬ್ರಿಟನ್ನಿನಲ್ಲಿ ವೃತ್ತಿ ಬಿಡುವ ನರ್ತಕರು ಬೇರೆ ವಿದ್ಯೆ ಕಲಿಯಲು ನೆರವಾಗುವ ನಿಧಿ 1973ರಿಂದಲೇ ಇದೆ. ಸಿನಿಮಾ, ಟಿವಿ, ವೇದಿಕೆಗಳಲ್ಲಿ ದಿನಗೂಲಿಯಂತೆ ಕುಣಿಯುವವರಿಗೆ ಹೆಚ್ಚಿನ ಕಡೆ ಇಂಥ ಆಸರೆಯಿಲ್ಲ. ಅವರಿಗಿರುವ ದಾರಿಗಳು ಎರಡೇ: ಕಲಿಸುವುದು ಇಲ್ಲವೇ ನೃತ್ಯ ನಿರ್ದೇಶಕರಾಗುವುದು. ಎರಡಕ್ಕೂ ಬೇಕಾದ ಬಂಡವಾಳವೆಂದರೆ ಹಿಂದೆ ಏನು ಮಾಡಿದ್ದಾರೆ ಎಂಬುದರ ದಾಖಲೆ, ಅಂದರೆ ಹೆಸರು.

ಇದು ಒಂದು ಭಾಷೆಯ ಅಥವಾ ಒಂದು ಉದ್ಯಮದ ದೋಷವೂ ಅಲ್ಲ. ಅಮೆರಿಕದ ಆಸ್ಕರ್ ಪ್ರಶಸ್ತಿಯಲ್ಲಿ ‘ನೃತ್ಯ ನಿರ್ದೇಶನ’ ಎಂಬ ವಿಭಾಗ 1935, 1936 ಮತ್ತು 1937ರ ಚಿತ್ರಗಳಿಗೆ, ಹೀಗೆ ಮೂರೇ ವರ್ಷ ಇತ್ತು. ನೂರಾರು ನರ್ತಕಿಯರನ್ನು ಮೇಲಿನಿಂದ ನೋಡಿದಾಗ ಅರಳುವ ಹೂವಿನಂತೆ ಜೋಡಿಸಿ ಸಿನಿಮಾ ನೃತ್ಯದ ಸ್ವರೂಪವನ್ನೇ ಬದಲಿಸಿದ ಬಸ್ಬಿ ಬರ್ಕ್ಲಿ ಆ ಮೂರೂ ವರ್ಷ ನಾಮನಿರ್ದೇಶನಗೊಂಡು ಒಮ್ಮೆಯೂ ಗೆಲ್ಲಲಿಲ್ಲ, ಅಷ್ಟರಲ್ಲಿ ವಿಭಾಗವೇ ರದ್ದಾಯಿತು. ಆಮೇಲೆ ಜೆರೋಮ್ ರಾಬಿನ್ಸ್, ಮೈಕಲ್ ಕಿಡ್ ಅವರಂಥ ಕೆಲವರಿಗೆ ವಿಶೇಷ ಗೌರವ ಸಂದಿತೇ ಹೊರತು ವಿಭಾಗ ಮರಳಿ ಬರಲಿಲ್ಲ. ಈಚೆಗೆ ಪಾತ್ರವರ್ಗದ ಆಯ್ಕೆಗೆ ಹೊಸ ಪ್ರಶಸ್ತಿ ಬಂದಿದೆ, ಸಾಹಸ ಸಂಯೋಜನೆಗೆ 2028ರ ಸಮಾರಂಭದಿಂದ ಕೊಡುವುದಾಗಿ ಪ್ರಕಟವಾಗಿದೆ. ನೃತ್ಯ ಇನ್ನೂ ಬಾಗಿಲ ಹೊರಗೇ ಇದೆ. ಅದೇ ದೇಶದ ರಂಗಭೂಮಿಯ ಟೋನಿ ಪ್ರಶಸ್ತಿಯಲ್ಲಾದರೋ 1947ರ ಮೊದಲ ಸಮಾರಂಭದಿಂದಲೇ ನೃತ್ಯ ಸಂಯೋಜನೆಗೆ ಸ್ಥಾನವಿತ್ತು. ಒಂದೇ ಕಲೆಗೆ, ಹಲವು ಸಲ ಅದೇ ಕಲಾವಿದರಿಗೆ, ವೇದಿಕೆಯ ಮೇಲೆ ಇದ್ದ ಹೆಸರು ಕ್ಯಾಮೆರಾದ ಮುಂದೆ ಕಳೆದುಹೋಗುತ್ತದೆ. 1983ರ ‘ಫ್ಲಾಶ್‌ಡಾನ್ಸ್’ ಚಿತ್ರದಲ್ಲಿ ನಾಯಕಿಯ ಬದಲಾಗಿ ಕುಣಿದ ಮರೀನ್ ಜಹಾನ್ ಅವರ ಹೆಸರು ಚಿತ್ರದ ಪಟ್ಟಿಯಲ್ಲೇ ಇರಲಿಲ್ಲ. ಚಿತ್ರದ ಶೀರ್ಷಿಕೆಯಲ್ಲೇ ನೃತ್ಯವಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೆಸರು ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಸರೋಜ್ ಖಾನ್ ಬಾಲನಟಿಯಾಗಿ ಬಂದು, ಹಿನ್ನೆಲೆಯ ನರ್ತಕಿಯಾಗಿ, ನೃತ್ಯ ನಿರ್ದೇಶಕ ಬಿ. ಸೋಹನ್‌ಲಾಲ್ ಅವರ ಸಹಾಯಕಿಯಾಗಿ ದುಡಿದು, 1974ರಲ್ಲಿ ಸ್ವತಂತ್ರವಾಗಿ ನೃತ್ಯ ನಿರ್ದೇಶಿಸಿದರು. ಆದರೆ ಮನೆಮನೆಗೆ ಅವರ ಹೆಸರು ಗೊತ್ತಾದದ್ದು 1988ರ ‘ತೇಜಾಬ್’ ಚಿತ್ರದ ‘ಏಕ್ ದೋ ತೀನ್’ ಹಾಡಿನ ನಂತರ. ಫಿಲ್ಮ್‌ಫೇರ್ ಪ್ರಶಸ್ತಿಯಲ್ಲಿ ನೃತ್ಯ ನಿರ್ದೇಶನದ ವಿಭಾಗ ಆರಂಭವಾದದ್ದೂ ಆ ಹಾಡಿನೊಂದಿಗೇ, ಮೊದಲ ಪ್ರಶಸ್ತಿ ಪಡೆದವರೂ ಅವರೇ. ಮುಂದೆ ಮೂರು ಬಾರಿ ರಾಷ್ಟ್ರಪ್ರಶಸ್ತಿ ಬಂತು. 1974ರಿಂದ 1988ರವರೆಗಿನ ಹದಿನಾಲ್ಕು ವರ್ಷಗಳಲ್ಲಿ ಅವರ ಕೈಚಳಕ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಕಡಿಮೆಯಿದ್ದದ್ದು ಆ ಕೆಲಸವನ್ನು ಹೆಸರು ಹಿಡಿದು ಗುರುತಿಸುವ ಅಭ್ಯಾಸ.

ಕಾನೂನಿನ ಕಡೆಗೆ ತಿರುಗಿದರೆ, ಇದು ಇನ್ನಷ್ಟು ಗಂಭೀರವಾಗುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಯನ್ನು ‘ನಾಟಕ ಕೃತಿ’ಯ ವ್ಯಾಖ್ಯೆಯೊಳಗೆ ಸೇರಿಸಿದೆ, ಆದರೆ ಅದು ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು ಮತ್ತು ಸಿನಿಮಾ ಆ ವ್ಯಾಖ್ಯೆಗೆ ಸೇರದು ಎನ್ನುತ್ತದೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕಿನ ಬಗ್ಗೆ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಅಂಥ ಪ್ರಯೋಗವನ್ನು ನಾಟಕ ಕೃತಿಯೆಂದೇ ಪರಿಗಣಿಸಿತು. ಅಂದರೆ ಕುಣಿತಕ್ಕೂ ಕರ್ತೃ ಇರುತ್ತಾನೆ ಎಂಬುದನ್ನು ನ್ಯಾಯಾಲಯ ಒಪ್ಪಿದೆ. ಇನ್ನು ಕುಣಿಯುವವರ ವಿಷಯ. ಕಾಯ್ದೆಯಲ್ಲಿ ‘ಪ್ರದರ್ಶಕ’ ಎಂಬ ಪದದೊಳಗೆ ನಟ, ಗಾಯಕರ ಜೊತೆ ನರ್ತಕರೂ ಸೇರಿದ್ದಾರೆ, ಅವರ ಹಕ್ಕಿನ ಅವಧಿ 50 ವರ್ಷ. ಆದರೆ 2012ರ ತಿದ್ದುಪಡಿ ಅದಕ್ಕೊಂದು ಷರತ್ತು ಸೇರಿಸಿತು. ಸಿನಿಮಾದಲ್ಲಿ ಯಾರ ಪ್ರದರ್ಶನ ಸಾಂದರ್ಭಿಕ ಸ್ವರೂಪದ್ದೋ, ಮತ್ತು ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಪಟ್ಟಿಯಲ್ಲಿಯೂ ಸೇರಿದಂತೆ ಎಲ್ಲಿಯೂ ಹಾಕುವುದಿಲ್ಲವೋ, ಅವರನ್ನು ಪ್ರದರ್ಶಕರೆಂದು ಪರಿಗಣಿಸಬೇಕಾಗಿಲ್ಲ. ಅವರ ಪ್ರದರ್ಶನವನ್ನು ವಿರೂಪಗೊಳಿಸಿದರೆ ಮಾತ್ರ ಅವರು ಆಕ್ಷೇಪಿಸಬಹುದು, ಅಷ್ಟೆ. ಈ ಸಾಲನ್ನು ಮತ್ತೊಮ್ಮೆ ಓದಬೇಕೆಂದು ವಿನಂತಿ. ಹೆಸರು ಹಾಕದಿರುವ ರೂಢಿಯೇ ಹಕ್ಕು ನಿರಾಕರಿಸುವುದಕ್ಕೆ ಒಂದು ಆಧಾರವಾಗುತ್ತದೆ. ಹಾಗಾಗಿ ‘ಇಷ್ಟು ದಿನ ಹಾಕಿಲ್ಲ, ಈಗೇಕೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಷರತ್ತು ನೆನಪಾಗುತ್ತದೆ.

ಅಮೆರಿಕದಲ್ಲಿ ಹಾನ್ಯಾ ಹೋಲ್ಮ್ ಎಂಬ ನೃತ್ಯ ಸಂಯೋಜಕಿ ತಮ್ಮ ಸಂಗೀತ ನಾಟಕದ ನೃತ್ಯವನ್ನು, ಮೈಯ ಚಲನೆಗಳನ್ನು ಚಿಹ್ನೆಗಳಲ್ಲಿ ಬರೆದಿಡುವ ಲಾಬಾನ್ ಲಿಪಿಯಲ್ಲಿ ಬರೆಸಿ 1952ರಲ್ಲಿ ಕೃತಿಸ್ವಾಮ್ಯಕ್ಕೆ ನೋಂದಾಯಿಸಿದರು. ಅಲ್ಲಿಯ ಕಾಯ್ದೆಯಲ್ಲಿ ನೃತ್ಯ ಸಂಯೋಜನೆಯ ಹೆಸರು ಸ್ಪಷ್ಟವಾಗಿ ಬರಲು 1976ರವರೆಗೆ ಕಾಯಬೇಕಾಯಿತು. ಕೈಲ್ ಹನಗಾಮಿ ಎಂಬ ನೃತ್ಯ ಸಂಯೋಜಕರು ತಮ್ಮ ಮೂವ್‌ಮೆಂಟನ್ನು ವಿಡಿಯೊ ಗೇಮ್ ಒಂದರಲ್ಲಿ ಬಳಸಲಾಗಿದೆ ಎಂದು ಹೂಡಿದ ದಾವೆಯನ್ನು ಕೆಳ ನ್ಯಾಯಾಲಯ ವಜಾ ಮಾಡಿತ್ತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿ, ನೃತ್ಯ ಸಂಯೋಜನೆಯನ್ನು ಬಿಡಿ ಭಂಗಿಗಳಾಗಿ ಒಡೆದು ನೋಡುವುದು ಸರಿಯಲ್ಲ ಎಂಬ ನಿಲುವು ತಳೆಯಿತು. ಕೊನೆಗೆ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಆದರೆ ಎಲ್ಲರೂ ನ್ಯಾಯಾಲಯದ ಮೆಟ್ಟಿಲು ಹತ್ತಲಾಗದು, ಹತ್ತಬೇಕಾಗಿಯೂ ಇಲ್ಲ. 2019ರಲ್ಲಿ ಅಮೆರಿಕದ ಜಲಾಯಾ ಹಾರ್ಮನ್ ಎಂಬ ಹದಿನಾಲ್ಕರ ಹುಡುಗಿ ‘ರೆನಿಗೇಡ್’ ಎಂಬ ಕುಣಿತವನ್ನು ಕಟ್ಟಿ ಅಂತರ್ಜಾಲದಲ್ಲಿ ಹಾಕಿದಳು. ಟಿಕ್‌ಟಾಕ್‌ನಲ್ಲಿ ಅದನ್ನು ಕುಣಿದ ಬೇರೆಯವರು ಜಗತ್ಪ್ರಸಿದ್ಧರಾದರು, ಕಟ್ಟಿದವಳು ಯಾರೆಂದು ಯಾರಿಗೂ ತಿಳಿದಿರಲಿಲ್ಲ. 2020ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆಕೆಯನ್ನು ಹುಡುಕಿ ವರದಿ ಮಾಡಿತು. ಅದಾದ ಕೆಲವೇ ದಿನಗಳಲ್ಲಿ ಆಕೆ ಎನ್‌ಬಿಎ ಬಾಸ್ಕೆಟ್‌ಬಾಲ್ ಆಲ್‌ಸ್ಟಾರ್ ಪಂದ್ಯದ ಅಂಗಳದಲ್ಲಿ ತನ್ನದೇ ಕುಣಿತವನ್ನು ತನ್ನ ಹೆಸರಿನಲ್ಲೇ ಕುಣಿದಳು. ತೀರ್ಪಿಲ್ಲದೆ, ವಕೀಲರಿಲ್ಲದೆ, ಒಂದು ಪತ್ರಿಕಾ ವರದಿಯಿಂದ ಆದ ಕೆಲಸವಿದು. ಕಿರು ವಿಡಿಯೊಗಳಲ್ಲಿ ಹಾಡಿನ ಹೆಸರು, ಹಾಡಿದವರ ಹೆಸರು ತಾನಾಗಿಯೇ ಕೆಳಗೆ ಮೂಡುತ್ತದೆ, ಏಕೆಂದರೆ ಧ್ವನಿಯ ಕಡತಕ್ಕೆ ಆ ವಿವರ ಅಂಟಿಕೊಂಡಿರುತ್ತದೆ. ಹೆಜ್ಜೆಗೆ ಅಂಥ ಚೀಟಿಯಿಲ್ಲ. ಅದನ್ನು ಅಂಟಿಸಬಲ್ಲವರು ಬರೆಯುವವರು.

ಇದಕ್ಕೆ ಬರಬಹುದಾದ ಆಕ್ಷೇಪಗಳೂ ನನಗೆ ಗೊತ್ತು. ಒಂದು ಹೆಜ್ಜೆ ಯಾರ ಸ್ವತ್ತೂ ಅಲ್ಲ ಎಂಬ ಮಾತನ್ನು ನಾನೂ ಒಪ್ಪುತ್ತೇನೆ, ಒಪ್ಪದಿದ್ದರೆ ನಾಳೆಯಿಂದ ಯಾರೂ ಸೊಂಟ ಕುಣಿಸುವ ಹಾಗಿಲ್ಲ. ಬಿಡಿ ಹೆಜ್ಜೆಗಳು ಎಲ್ಲರವು. ಅವುಗಳನ್ನು ಒಂದು ಹಾಡಿನ ಉದ್ದಕ್ಕೂ ಹೆಣೆದ ರಚನೆ ಒಬ್ಬರದು, ಸ್ವರಗಳ ವಿಷಯದಲ್ಲಿ ನಾವು ಈಗಾಗಲೇ ಒಪ್ಪಿಕೊಂಡಿರುವ ನ್ಯಾಯವೇ ಇದು. ನಟರು ತಮ್ಮದೂ ಏನನ್ನಾದರೂ ಸೇರಿಸುತ್ತಾರಲ್ಲ ಎನ್ನುವುದು ಇನ್ನೊಂದು ಮಾತು. ಸೇರಿಸುತ್ತಾರೆ, ಒಳ್ಳೆಯ ನಟರ ಮೈಯಲ್ಲಿ ನಾವು ಊಹಿಸದ ಒಯ್ಯಾರ ಹುಟ್ಟುತ್ತದೆ, ಅದನ್ನು ನೋಡುವುದೇ ಈ ಕೆಲಸದ ದೊಡ್ಡ ಸುಖ. ಗಾಯಕರೂ ರಾಗಕ್ಕೆ ತಮ್ಮ ಗಮಕ ಸೇರಿಸುತ್ತಾರೆ, ಹಾಗೆಂದು ಸಂಗೀತ ನಿರ್ದೇಶಕರ ಹೆಸರನ್ನು ನಾವು ಬಿಟ್ಟಿಲ್ಲ. ಪುಟದಲ್ಲಿ ಜಾಗ ಕಡಿಮೆ ಎಂಬ ಕಾರಣವನ್ನು, ನಾಯಕಿ ಧರಿಸಿದ ಲೆಹೆಂಗಾದ ಬೆಲೆ ಮತ್ತು ಅದನ್ನು ಹೊಲಿದವರ ಹೆಸರು ಅದೇ ಸುದ್ದಿಯಲ್ಲಿ ಇರುವವರೆಗೆ ನಂಬುವುದು ಕಷ್ಟ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹಾಡಿನ ಸುದ್ದಿಯಲ್ಲಿ, ವಿಮರ್ಶೆಯಲ್ಲಿ, ಚಿತ್ರದ ಕೆಳಗಿನ ವಿವರದಲ್ಲಿ ನೃತ್ಯ ನಿರ್ದೇಶಕರ ಹೆಸರು ಬರಲಿ. ಚಿತ್ರತಂಡ ಕಳುಹಿಸುವ ಪ್ರಕಟಣೆಯಲ್ಲಿ ಆ ಹೆಸರು ಇಲ್ಲದಿದ್ದರೆ ವರದಿಗಾರರು ಒಂದು ಫೋನ್ ಮಾಡಿ ಕೇಳಲಿ. ಎರಡು ಮೂರು ಸಲ ಕೇಳಿದ ಮೇಲೆ ಅವರೇ ಬರೆದು ಕಳುಹಿಸತೊಡಗುತ್ತಾರೆ ಎಂಬ ನಂಬಿಕೆ ನನಗಿದೆ. ಒಂದು ಚಿತ್ರಕ್ಕೆ ನಾಲ್ಕು ಮಂದಿ ನೃತ್ಯ ನಿರ್ದೇಶಕರಿದ್ದರೆ ಯಾವ ಹಾಡು ಯಾರದೆಂದು ಬಿಡಿಸಿ ಬರೆಯಬೇಕು, ಏಕೆಂದರೆ ಒಟ್ಟಿಗೆ ಬರೆದ ನಾಲ್ಕು ಹೆಸರುಗಳಿಂದ ಯಾರಿಗೂ ಮುಂದಿನ ಕೆಲಸ ಸಿಗುವುದಿಲ್ಲ. ಗುಂಪಿನಲ್ಲಿ ಕುಣಿದ ಮೂವತ್ತು ನಲವತ್ತು ಮಂದಿಯ ಹೆಸರನ್ನು ಅಚ್ಚಿನಲ್ಲಿ ಹಾಕಲು ಸಾಧ್ಯವಿಲ್ಲ, ಅದನ್ನು ಕೇಳುತ್ತಲೂ ಇಲ್ಲ. ತಮ್ಮ ಅಂತರ್ಜಾಲ ಆವೃತ್ತಿಯಲ್ಲಿ ಜಾಗದ ಅಡ್ಡಿಯಿಲ್ಲವಾದ್ದರಿಂದ, ಪಟ್ಟಿ ದೊರೆತಾಗ ಅಸಿಸ್ಟೆಂಟ್‌ಗಳ ಹೆಸರನ್ನಾದರೂ ಅಲ್ಲಿ ಸೇರಿಸಬಹುದು. ಮುಂದಿನ ವಾರದ ಸಿನಿಮಾ ಪುಟದಿಂದಲೇ ಇದು ಆರಂಭವಾದರೆ ಸಂತೋಷ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನೃತ್ಯ ಸಂಯೋಜಕಿ